ಪುಲಕೇಶಿಯ ಬೀಗರು

ನಮ್ಮ ಮಾವನವರ ಕಥೆ ಮೊದಲು ಮುಕ್ಕಾಲು ಗಂಟೆಯದಾಗಿತ್ತು. ಆಮೇಲೆ ಐದು ನಿಮಿಷಕ್ಕೆ ಇಳಿದಿತ್ತು.

ಕಥೆ ಬಾದಾಮಿಯ ಪುಲಕೇಶಿಯದು. ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲುಗಡೆ, ಕಟ್ಟು ಹಾಕಿಸಿದ ಒಂದು ದೊಡ್ಡ ಚಿತ್ರವಿದೆ. ಅಜಂತಾದ ಗೋಡೆಯ ಮೇಲಿನ ಚಿತ್ರದ ಅಚ್ಚು. ಸಿಂಹಾಸನದಲ್ಲಿ ಅರಸ ಕುಳಿತಿದ್ದಾನೆ. ಎದುರಿಗೆ ಚೂಪು ಟೋಪಿಯ, ಗಡ್ಡದ ಪರದೇಶದವರು ಕಾಣಿಕೆ ಹಿಡಿದು ನಿಂತಿದ್ದಾರೆ. ಮನೆಗೆ ಬಂದವರು ನೀರು ಕುಡಿದು ಲೋಟ ಕೆಳಗಿಡುವುದರೊಳಗೆ ಮಾವ ಎದ್ದು ಚಿತ್ರದ ಪಕ್ಕ ನಿಂತಿರುತ್ತಿದ್ದರು.

"ಇಂವ ನಮ್ಮ ಇಮ್ಮಡಿ ಪುಲಕೇಶಿ. ಇವರು ಇರಾನದ ಖುಸ್ರೋ ಬಾದಶಹನ ರಾಯಭಾರಿಗಳು. ಮೊದಲ ನಮ್ಮವರು ಅಲ್ಲಿಗೆ ಹೋದ್ರು. ಆನಿ ಕೊಟ್ರು, ಖಡ್ಗ ಕೊಟ್ರು, ಬಿಳಿ ಡೇಗಿ ಕೊಟ್ರು, ಬಂಗಾರದ ಎಳಿ ಹಾಕಿ ನೇಯ್ದ ಬಟ್ಟಿ ಕೊಟ್ರು. ಆಮ್ಯಾಲೆ ಅವರು ಇಲ್ಲಿಗೆ ಬಂದ್ರು. ಸಾವಿರದ ನಾನೂರ ವರ್ಷದ ಸ್ನೇಹ ಐತ್ರಿ ಇದು."

ನಮ್ಮವರು ಹೋದದ್ದಕ್ಕೆ ಆಧಾರವಿದೆ. ಆನೆ, ಖಡ್ಗ, ಡೇಗೆ ಎಂಬ ಬೇಟೆಹಕ್ಕಿ, ಇವುಗಳ ವಿಷಯವನ್ನು ಹಳೆಯ ಅರಬ್ ಇತಿಹಾಸಕಾರನೊಬ್ಬ ಬರೆದಿಟ್ಟಿದ್ದಾನೆ. ತಕರಾರು ಇರುವುದು ಚಿತ್ರದ್ದು. ಆ ಗುಹೆ ಪುಲಕೇಶಿ ಹುಟ್ಟುವುದಕ್ಕಿಂತ ನೂರು ವರ್ಷ ಮೊದಲೇ ಆಗಿತ್ತು, ಅದರಲ್ಲಿರುವ ಅರಸ ಯಾವುದೋ ಬೌದ್ಧ ಕಥೆಯವನು ಎಂದು ಈಗ ಬಹಳಷ್ಟು ವಿದ್ವಾಂಸರು ಹೇಳುತ್ತಾರೆ. ಧಾರವಾಡದಲ್ಲಿ ಎಂ.ಎ. ಮಾಡುವಾಗ ನಾನೂ ಅದನ್ನೇ ಬರೆದಿದ್ದೆ. ಎಂಬತ್ತು ಪುಟದ ಪ್ರಬಂಧ, ಇಂಗ್ಲಿಷಿನಲ್ಲಿ. ಈ ಮನೆಗೆ ಸೊಸೆಯಾಗಿ ಬಂದ ದಿನ ಪಡಸಾಲೆಯ ಚಿತ್ರ ನೋಡಿ, ಪ್ರಬಂಧವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮಾವ ಹುನಗುಂದದ ಸಾಲೆಯಲ್ಲಿ ಮೂವತ್ತೆರಡು ವರ್ಷ ಇತಿಹಾಸ ಕಲಿಸಿದವರು. ಹೊಳಬಸಪ್ಪ ಮಾಸ್ತರರು ಎಂದರೆ ಇಂದಿಗೂ ಅಲ್ಲಿ ಅಂಗಡಿಯವರು ಎದ್ದು ನಿಲ್ಲುತ್ತಾರೆ.

ಪ್ರಬಂಧದ ವಿಷಯ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ವಿಜಯಮಹಾಂತೇಶ ಕರೆಂಟಿನ ಕಂಬ, ತಂತಿಗಳ ಎಂಜಿನಿಯರ್. ಇತಿಹಾಸದ ಗಾಳಿಯೂ ತಾಗಿರಲಿಲ್ಲ. ಆದರೆ ಶನಿವಾರ ನನ್ನಿಂದ ಒಂದೆರಡು ಪುಟ ಹೇಳಿಸಿಕೊಂಡು, ರವಿವಾರ ಅದನ್ನು ಅಪ್ಪನ ಮೇಲೆ ಪ್ರಯೋಗಿಸುತ್ತಿದ್ದ.

"ಅಪ್ಪಾ, ಅಂವ ಪುಲಕೇಶಿ ಆಗಿದ್ರ ನಾ ಅವನ ದಂಡನಾಯಕ."

"ಲೇ ಮಾಂತ್ಯಾ, ನಿನಗೇನ ತಿಳಿತೈತಿ? ನೀ ಕಂಬ ಎಣಸ ಹೋಗು."

"ಕಂಬಕ್ಕರೆ ನಂಬರ ಬರದಿರತಾರ. ನಿನ್ನ ಪುಲಕೇಶಿ ಮೈಮ್ಯಾಲೆ ಎಲ್ಲೈತಿ ಹೆಸರು, ತೋರಸು."

ಅಡಿಗೆ ಮನೆಯಿಂದ ನಮ್ಮತ್ತೆ ಸಾವಿತ್ರೆವ್ವ ರೊಟ್ಟಿ ಬಡಿಯುತ್ತಲೇ ಕೂಗುತ್ತಿದ್ದರು: "ಹಂಗಾರ ಇಬ್ಬರಿಗೂ ಪುಲಕೇಶೀನ ಊಟಕ್ಕ ಹಾಕ್ಲಿ. ನಾ ಕೈ ತೊಳಕೊಂತೇನಿ."

ಎರಡು ವರ್ಷದ ಹಿಂದೆ, ಹುನಗುಂದದ ರಸ್ತೆಯಲ್ಲಿ, ವಿಜಯಮಹಾಂತೇಶ ತೀರಿಕೊಂಡ.

ಆಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಬಹಳ ಸೌಜನ್ಯದಿಂದ ಇದ್ದೆವು. "ಚಾ ಮಾಡ್ಲೇನ್ರಿ ಮಾವಾರ?" "ಇದ್ರ ಮಾಡವಾ, ಇಲ್ಲಂದ್ರ ಬ್ಯಾಡ." ಗಡಿಯ ಎರಡು ಠಾಣೆಯವರು ಹಬ್ಬದ ದಿನ ಮಿಠಾಯಿ ಕೊಟ್ಟುಕೊಂಡು ತಮ್ಮ ತಮ್ಮ ಬದಿಗೆ ಹೋಗುತ್ತಾರಲ್ಲ, ಹಾಗೆ. ಮಾವ ಕಥೆ ಹೇಳಿದರೆ ನಾನು "ಹೌದ್ರಿ" ಎನ್ನುತ್ತಿದ್ದೆ. ಮಗನನ್ನು ಕಳೆದುಕೊಂಡವರ ಕೈಯಿಂದ ಪುಲಕೇಶಿಯನ್ನೂ ಕಸಿದುಕೊಳ್ಳಬಾರದು ಎಂದು ತೀರ್ಮಾನಿಸಿದ್ದೆ. ಕಥೆ ಮಾತ್ರ ವಾರದಿಂದ ವಾರಕ್ಕೆ ಗಿಡ್ಡವಾಯಿತು. ಕೊನೆಕೊನೆಗೆ ಅವರು ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ. ಕೂತಲ್ಲಿಂದಲೇ ಬೆರಳು ತೋರಿಸಿ, "ಇಂವ ಪುಲಕೇಶಿ. ಅವರು ಇರಾನದವರು" ಎಂದು ಮುಗಿಸುತ್ತಿದ್ದರು.

ಹೀಗಿರುವಾಗ ಪ್ರವೀಣಕುಮಾರ ಬಂದ. ಮಾವನವರ ಹಳೆಯ ವಿದ್ಯಾರ್ಥಿ. ಬಾದಾಮಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ, ಜೊತೆಗೆ 'ವಾತಾಪಿ ಗೆಳೆಯರ ಬಳಗ' ಎಂಬುದರ ಕಾರ್ಯದರ್ಶಿ. ಕಾರ್ಯದರ್ಶಿಯಾಗಿ ಮಾತಾಡುವಾಗ ಅವನ ಭಾಷೆ ಲಗ್ನಪತ್ರಿಕೆಯದಾಗುತ್ತದೆ.

"ಗುರುಗಳೇ, ಭಾರತ ಮತ್ತು ಇರಾನ್ ದೇಶಗಳ ಸ್ನೇಹ ಒಪ್ಪಂದಕ್ಕೆ ಈ ಮಾರ್ಚ್ ತಿಂಗಳಿಗೆ ಎಪ್ಪತ್ತೈದು ವರ್ಷ ತುಂಬಲಿರುವ ಶುಭ ಸಂದರ್ಭದಲ್ಲಿ, ತೆಹರಾನಿನಿಂದ ಒಬ್ಬ ಪ್ರಾಧ್ಯಾಪಕಿಯವರು ನಮ್ಮ ಬಾದಾಮಿಗೆ ಆಗಮಿಸುತ್ತಿದ್ದಾರೆ. ತಾವು ಮುಖ್ಯ ಭಾಷಣ ಮಾಡಬೇಕು."

"ಎಷ್ಟೊತ್ತು?" ಎಂದರು ಮಾವ.

"ತಮ್ಮ ಚಿತ್ತರಿ. ಮುಕ್ಕಾಲು ತಾಸು?"

ಮಾವ ನೆಟ್ಟಗೆ ಕೂತರು. ಬಹಳ ದಿನಗಳ ಮೇಲೆ ನಾನು ಅದನ್ನು ನೋಡಿದೆ. ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾವನವರಿಗೆ ಇಂಗ್ಲಿಷು ನಿಧಾನಕ್ಕೆ ಓದಲು ಬರುತ್ತದೆ. ಕಿವಿಯಿಂದ ಕೇಳಿದರೆ ತಿಳಿಯುವುದಿಲ್ಲ ಎಂದು ನಾನು ನಂಬಿದ್ದೆ.

ಅವತ್ತೇ ಫೋನಿನಲ್ಲಿ ಅತಿಥಿಯ ಹೆಸರು ಹಾಕಿ ಹುಡುಕಿದೆ. ಡಾ. ಫರ್ಜಾನೆ. ಹಳೆಯ ಭಿತ್ತಿಚಿತ್ರಗಳ ಅಧ್ಯಯನದವರು. ಅವರ ಲೇಖನಗಳ ಪಟ್ಟಿಯಲ್ಲಿ ಮೂರನೆಯದು ನಮ್ಮ ಪಡಸಾಲೆಯ ಚಿತ್ರದ ಮೇಲೆಯೇ ಇತ್ತು. ಅದರಲ್ಲಿರುವುದು ಇರಾನಿನ ರಾಯಭಾರಿಗಳಲ್ಲ ಎಂದು ಹದಿನಾರು ಪುಟ ಬರೆದಿದ್ದರು. ಹದಿನಾರರಲ್ಲಿ ಒಂದು ಸಾಲಿಗೂ ಉತ್ತರ ಹೇಳುವುದು ಕಷ್ಟ.

ಮಾವ ಕರಿ ಕೋಟು ಇಸ್ತ್ರಿಗೆ ಕೊಟ್ಟು ಬಂದಿದ್ದರು. ಹಳೆಯ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿ, "ಇರಾನದಿಂದ ಬರಾಕತ್ತಾರ, ಬರ್ರಿ" ಎಂದು ಹೇಳಿದ್ದರು. ಅಷ್ಟು ಜನರೆದುರು, ಸ್ವತಃ ಇರಾನಿನವರೇ ಎದ್ದು, ಇವರು ನಮ್ಮವರಲ್ಲ ಎಂದುಬಿಟ್ಟರೆ? ನಾನು ಯೋಚಿಸಿದೆ. ಅವರು ಏನೇ ಅಂದರೂ ಅದು ನನ್ನ ಬಾಯಿಯಿಂದಲೇ ಕನ್ನಡಕ್ಕೆ ಬರಬೇಕು. ಬಾಗಿಲು ಕಾಯುವವಳು ನಾನೇ ಎಂದಮೇಲೆ ಯಾರನ್ನು ಒಳಗೆ ಬಿಡಬೇಕೆಂಬುದೂ ನನ್ನ ಕೈಯಲ್ಲಿತ್ತು.

ಕಾಣಿಕೆಯ ಸೀರೆ ತರಲು ನಾನೂ ಅತ್ತೆಯೂ ಇಳಕಲ್ಲಿಗೆ ಹೋದೆವು. ಅತ್ತೆಯ ತವರು ಅದು. ಅವರ ತಮ್ಮ ಹುಲ್ಲಪ್ಪನ ಮನೆಯಲ್ಲಿ ಮಗ್ಗವಿದೆ. ಹುಲ್ಲಪ್ಪ ದಾಳಿಂಬೆ ಬಣ್ಣದ ಒಡಲು, ಟೋಪ್ ತೆನಿ ಎಂಬ ಇಳಕಲ್ ನೇಯ್ಗೆಯ ಕೆಂಪು ಬಿಳಿ ಸೆರಗಿನ ಸೀರೆ ಬಿಚ್ಚಿ ಹಾಸಿದರು.

"ಬೀಗರಿಗೆ ಕೊಡೂದೈತಿ, ಚಲೋದ ಕೊಡು," ಎಂದರು ಅತ್ತೆ.

"ಯಾವ ಬೀಗರು ಅಕ್ಕಾ?"

"ನಿಮ್ಮ ಮಾಸ್ತರ ಮಾವನ ಬೀಗರು. ಇರಾನದವರು. ಸಾವಿರದ ನಾನೂರ ವರ್ಷದಿಂದ ಕೊಡೂದು ತಗೊಳ್ಳೂದು ಐತಂತ. ನಮ್ಮವರು ಆನಿ ಕೊಟ್ಟಾರ."

"ಅವರೇನ ಕೊಟ್ರು?"

ಅತ್ತೆ ಸೆರಗಿನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು. ನಲವತ್ತು ವರ್ಷ ಆ ಕಥೆ ಕೇಳಿದ್ದರೂ ಈ ಪ್ರಶ್ನೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. "ಅದನ್ನ ಕೇಳಬೇಕಾತು," ಎಂದರು. ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಳ್ಳಬೇಕಿತ್ತು.

ಡಾ. ಫರ್ಜಾನೆ ಬೆಳಿಗ್ಗೆ ಬಾದಾಮಿ ಸ್ಟೇಷನ್ನಿನಲ್ಲಿ ಇಳಿದರು. ಐವತ್ತರ ಆಸುಪಾಸು. ತಲೆಗೆ ಸಡಿಲಾಗಿ ಸುತ್ತಿದ ನೀಲಿ ಬಟ್ಟೆ, ಓಡಾಡಲು ಅನುಕೂಲವಾದ ಬೂಟು. ತಿಂಡಿ ಪ್ರವೀಣಕುಮಾರನ ಮನೆಯಲ್ಲಿ. ಅವನು ಉಪ್ಪಿಟ್ಟಿನ ತಾಟು ಚಾಚಿದ. ಅವರು ಎದೆಯ ಮೇಲೆ ಕೈಯಿಟ್ಟು, "ಬೇಡ, ದಯವಿಟ್ಟು" ಎಂದರು. ಪ್ರವೀಣಕುಮಾರ ಅತಿಥಿಯ ಮಾತಿಗೆ ಬೆಲೆ ಕೊಟ್ಟು ತಾಟನ್ನು ಒಳಗೆ ಒಯ್ದ. ಅವರ ಕಣ್ಣು ತಾಟಿನ ಹಿಂದೆಯೇ ಒಳಗೆ ಹೋಯಿತು.

ಅತ್ತೆ ತಾಟು ವಾಪಸು ತಂದರು. "ತಗೋರಿ." ಬೇಡ ಎಂದರು. "ಒಂದ ತುತ್ತು." ಬೇಡವೇ ಬೇಡ ಎಂದರು. "ನನ್ನಾಣಿ ಐತಿ." ಡಾ. ಫರ್ಜಾನೆ ನಕ್ಕು ತಾಟು ತೆಗೆದುಕೊಂಡು ಪೂರ್ತಿ ಮುಗಿಸಿದರು.

"ಎಂಥ ಮಂದಿಯಪಾ ನೀವು," ಎಂದು ಅತ್ತೆ ಪ್ರವೀಣಕುಮಾರನನ್ನು ಬೈದರು. "ಬೀಗರು ಎಲ್ಯರೆ ಒಮ್ಮಿಗೇ ಹೂಂ ಅಂತಾರೇನ?"

ಗುಹೆಗಳ ಮೆಟ್ಟಿಲು ಹತ್ತುವಾಗ ಒಂದು ಮಂಗ ಬಂದು ಅವರ ಕೈಚೀಲಕ್ಕೆ ಕೈಹಾಕಿತು. ಒಳಗೆ ಮಾವನವರಿಗೆಂದು ತಂದ ಪಿಸ್ತಾದ ಪೊಟ್ಟಣ. ಒಂದು ಮೂಲೆ ಹರಿದು, ಅರ್ಧದಷ್ಟು ಮೆಟ್ಟಿಲ ಮೇಲೆ ಚೆಲ್ಲಿ, ಮಂಗನ ಸಂಸಾರಕ್ಕೆಲ್ಲ ಹಬ್ಬವಾಯಿತು. ಅವರು ಉಳಿದದ್ದನ್ನು ಗಂಟು ಕಟ್ಟಿ ಇಟ್ಟುಕೊಂಡರು. ಮೂರನೆಯ ಗುಹೆಯ ಪಡಸಾಲೆಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು.

"ನಿಮ್ಮ ಮಾವನವರ ಭಾಷಣದ ಸಾರಾಂಶ ನನಗೆ ಕಳಿಸಿದ್ದರು. ಆ ಚಿತ್ರದ ಬಗ್ಗೆ ನಾನೊಂದು ಲೇಖನ ಬರೆದಿದ್ದೇನೆ."

"ಓದಿದ್ದೇನೆ."

"ನಾನೇನು ಹೇಳಲಿ?"

"ಏನೂ ಹೇಳಬೇಡಿ," ಎಂದೆ. "ಅವರಿಗೆ ಅದೊಂದೇ ಉಳಿದಿರುವುದು."

ಅವರು ನನ್ನ ಮುಖ ನೋಡಿದರು. "ನಮ್ಮಲ್ಲಿ ತಾರೋಫ್ ಅಂತ ಇದೆ," ಎಂದರು. "ಹಸಿವಿದ್ದರೂ ಬೇಡ ಅನ್ನುವುದು. ಇಷ್ಟವಿಲ್ಲದಿದ್ದರೂ ಚೆನ್ನಾಗಿದೆ ಅನ್ನುವುದು. ನಾನು ಅದರಲ್ಲೇ ಬೆಳೆದವಳು. ಚಿಂತೆ ಮಾಡಬೇಡಿ."

ಹೀಗೆ ಎರಡು ದೇಶಗಳ ನಡುವೆ ಇನ್ನೊಂದು ಒಪ್ಪಂದವಾಯಿತು. ಸಹಿ ಇರಲಿಲ್ಲ. ಸಾಕ್ಷಿಗೆ ಒಂದು ಮಂಗವಿತ್ತು.

ಸಭೆ ಕೆರೆಯ ಬದಿಯ ಒಂದು ಸಣ್ಣ ಸಭಾಭವನದಲ್ಲಿ. ನೂರು ಜನ ಇದ್ದರು. ಹಳೆಯ ವಿದ್ಯಾರ್ಥಿಗಳು, ಅವರ ಹೆಂಡಂದಿರು, ಗುಳೇದಗುಡ್ಡದಿಂದ ಬಂದ ನಾಲ್ಕು ಜನ ನೇಕಾರರು. ಮಾವ ಕರಿ ಕೋಟಿನಲ್ಲಿ ಮೊದಲ ಸಾಲಿನಲ್ಲಿ ಕೂತು ಕಾಗದಗಳನ್ನು ಮೊಳಕಾಲ ಮೇಲೆ ತಟ್ಟಿ ಸರಿಮಾಡುತ್ತಿದ್ದರು.

ಮೊದಲು ಸೀರೆ ಕೊಡುವ ಕಾರ್ಯಕ್ರಮ. ಅತಿಥಿಯನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮುತ್ತೈದೆಯರು ಸುತ್ತ ನಿಂತರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಹಿಂದಿರುಗಿ ನೋಡದೆಯೇ ನನ್ನ ಕೈಹಿಡಿದು ಎಳೆದು ಕುರ್ಚಿಯ ಪಕ್ಕ ನಿಲ್ಲಿಸಿದರು. ಸೀರೆಯನ್ನು ಅತಿಥಿಯ ಉಡಿಗೆ ಹಾಕಿದರು. ಅವರು ಅರ್ಧ ಪೊಟ್ಟಣ ಪಿಸ್ತಾ ಅತ್ತೆಯ ಕೈಗಿತ್ತರು. ಮಂಗನ ಸುದ್ದಿಯನ್ನು ನಾನು ಆಗಲೇ ಹೇಳಿದ್ದೆ; ಹರಿದ ಮೂಲೆ ನೋಡಿ ಅತ್ತೆಯ ಕಣ್ಣು ಮಿಂಚಿತು. ಪ್ರವೀಣಕುಮಾರ ಮೈಕಿನ ಕಡೆಗೆ ಬರುವಷ್ಟರಲ್ಲಿ ಅದು ಅತ್ತೆಯ ಕೈಯಲ್ಲಿತ್ತು. ನಮ್ಮ ಕಡೆ ಲಗ್ನದಲ್ಲಿ ಬೀಗತಿಗೆ ಹಾಡುತ್ತಾರಲ್ಲ, ಆ ಧಾಟಿಯಲ್ಲಿ ಹಾಡತೊಡಗಿದರು.

*ಆನಿ ಕೊಟ್ಟೇವ ನಿಮ್ಮ ಅರಸಗ, ಬೀಗತೆವ್ವ,*
*ಆನೀಗ ಬದಲು ಏನ ತಂದಿ?*
*ಬಿಳಿ ಡೇಗಿ ಕೊಟ್ಟೇವ, ಬಂಗಾರ ಜರಿ ಕೊಟ್ಟೇವ,*
*ಪಿಸ್ತಾದ ಪುಡಿಕಿ ಹಿಡಕೊಂಡು ಬಂದಿ!*

*ಸಾವಿರದ ನಾನೂರ ವರುಷ ಹಾದಿ ನೋಡೇವ,*
*ಕಾದ ಕಣ್ಣೀಗ ಹುತ್ತ ಬೆಳದಾವ,*
*ಬರೂದ ಬಂದಿ, ಪುಡಿಕ್ಯಾಗ ಅರ್ಧ*
*ಬಾದಾಮಿ ಮಂಗ್ಯಾಗ ಲಂಚ ಕೊಟ್ಟಿ!*

ಹೆಂಗಸರು "ಮಂಗ್ಯಾಗ ಲಂಚ ಕೊಟ್ಟಿ" ಎಂಬುದನ್ನು ಹಿಡಿದು ಮೂರು ಸಲ ತಿರುಗಿಸಿ ಹಾಡಿದರು. ಗುಳೇದಗುಡ್ಡದವರೊಬ್ಬರು ಸಿಳ್ಳೆ ಹೊಡೆದರು. ಪ್ರವೀಣಕುಮಾರನ ಮುಖ ಬಿಳಿಚಿತು. "ಅಕ್ಕಾರ, ಎರಡು ದೇಶದ ವಿಷಯ ಐತ್ರಿ," ಎಂದು ನನ್ನ ಕಿವಿಯಲ್ಲಿ ಉಸುರಿದ. ಹೆದರಿಕೆಯಲ್ಲಿ ಅವನಿಗೆ ಲಗ್ನಪತ್ರಿಕೆಯ ಭಾಷೆಯೇ ಮರೆತುಹೋಗಿತ್ತು.

ಡಾ. ಫರ್ಜಾನೆ ನನ್ನತ್ತ ತಿರುಗಿದರು. "ಏನು ಹಾಡಿದರು?"

"ತಮಗೆ ಸ್ವಾಗತ," ಎಂದೆ.

"ಎಂಟು ಸಾಲು, ಒಂದು ಸಿಳ್ಳೆ. ಬರೀ ಸ್ವಾಗತವೇ?"

ನಾನು ಅವರ ಉಡಿಯ ಸೀರೆಯ ಮಡಿಕೆ ಸರಿಮಾಡಿದೆ.

"ನೋಡಿ, ನನ್ನ ಪಿಸ್ತಾ ತೋರಿಸಿ ನಕ್ಕಿದ್ದಾರೆ. ನಾನು ತಿಳಿದುಕೊಳ್ಳಲೇಬೇಕು."

ಹೇಳಿದೆ. ಒಂದೊಂದೇ ಸಾಲು. ಆನೆಯ ಸಾಲಿಗೆ ಅವರು ಬಾಯಿ ಮುಚ್ಚಿಕೊಂಡರು. ಮಂಗನ ಸಾಲಿಗೆ ಜೋರಾಗಿ ನಕ್ಕು, ತಲೆಯ ಮೇಲಿನ ಬಟ್ಟೆ ಜಾರಿ, ಅದನ್ನು ಎಳೆದುಕೊಳ್ಳುತ್ತಲೇ ಮೈಕು ಕೇಳಿದರು.

"ಆನೆಯನ್ನು ವಾಪಸು ತರೋಣ ಅಂತಲೇ ಇದ್ದೆವು. ಅದೇ ಒಪ್ಪಲಿಲ್ಲ. ಬಾದಾಮಿಯ ಬಿಸಿಲು ಇನ್ನೂ ನೆನಪಿದೆಯಂತೆ ಅದಕ್ಕೆ."

ನಾನು ಕನ್ನಡದಲ್ಲಿ ಹೇಳಿದೆ. ಸಭೆ ಗೊಳ್ಳೆಂದಿತು. ಅತ್ತೆ ಅವರ ಗಲ್ಲ ಹಿಡಿದು, "ಬಾಯಾಗ ಮಾತ ಅದಾವವ ಇಕೀಗಿ!" ಎಂದರು. ಏಕವಚನಕ್ಕೆ ಬಂದಿದ್ದರು. ಸಂಬಂಧ ಗಟ್ಟಿಯಾಯಿತು ಎಂದು ಅರ್ಥ.

ನೀರು ಕುಡಿಯುತ್ತ ಡಾ. ಫರ್ಜಾನೆ ಮೆಲ್ಲಗೆ ಕೇಳಿದರು. "ಇದು ಯಾರು ಬೇಕಾದರೂ ಯಾರಿಗಾದರೂ ಹಾಡಬಹುದೇ?"

"ಇಲ್ಲ. ಬೀಗರು ಬೀಗರಿಗೆ ಮಾತ್ರ. ನಮ್ಮಲ್ಲಿ ಇಂಥ ತಮಾಷೆಗೆ ಚಾಷ್ಟಿ ಅಂತೇವೆ. ಸಂಬಂಧ ಚೆನ್ನಾಗಿದ್ದರೆ ಮಾಡಲೇಬೇಕು."

"ಮಾಡದಿದ್ದರೆ?"

"ಮುನಿಸಿಕೊಂಡಿದ್ದಾರೆ ಅಂತ ಜನ ತಿಳಿಯುತ್ತಾರೆ."

ಅವರು ಲೋಟ ಕೆಳಗಿಟ್ಟರು. "ಹಾಗಾದರೆ ನಿಮ್ಮ ಮಾವನವರ ಮೇಲೆ ನಿಮಗೆ ಏನು ಮುನಿಸು?"

ಅಷ್ಟರಲ್ಲಿ ಮಾವನವರ ಹೆಸರು ಕೂಗಿದರು.

ಮಾವ ಚೆನ್ನಾಗಿಯೇ ಶುರುಮಾಡಿದರು. "ಹತ್ತೊಂಬತ್ತನೂರಾ ಐವತ್ತರಾಗ ಎರಡು ಸರಕಾರದವರು ಕೂಡಿ ಸ್ನೇಹದ ಕಾಗದಕ್ಕ ಸಹಿ ಮಾಡಿದ್ರು. ಜನ ಅದನ್ನ ಲಗ್ನ ಅಂತಾರ. ನಾ ಹೇಳೂದು, ಲಗ್ನ ಯಾವಾಗೋ ಆಗಿತ್ತು. ಅವತ್ತು ಆಗಿದ್ದು ರಿಜಿಸ್ಟ್ರಿ." ಜನ ನಕ್ಕರು. ಆನೆ ಹೊರಟಿತು, ಹಡಗು ಹತ್ತಿತು, ಖುಸ್ರೋನ ಅರಮನೆ ಬಂತು. ಬಾದಾಮಿಯಿಂದ ಹೋದ ಪತ್ರದಲ್ಲಿ ಬಾದಶಹನ ಮಗನಿಗೊಂದು ಗುಟ್ಟಿನ ಮಾತಿತ್ತು ಎಂಬಲ್ಲಿ ಸಭೆ ಕಿವಿ ಚಾಚಿತು. ನಾನು ಅನುವಾದಿಸುತ್ತ ಹೋದೆ. ಅವರ ದನಿ ಹಳೆಯ ಎತ್ತರಕ್ಕೆ ಏರುತ್ತಿತ್ತು.

ಆಮೇಲೆ ಚಿತ್ರ ಬಂತು. ಪ್ರವೀಣಕುಮಾರ ಅದನ್ನು ಪರದೆಯ ಮೇಲೆ ದೊಡ್ಡದಾಗಿ ಬಿಟ್ಟ.

"ಇಂವ ಪುಲಕೇಶಿ," ಎಂದು ಮಾವ ನಿಂತರು. ನಿಂತು, ಸಭೆಯನ್ನಲ್ಲ, ನನ್ನನ್ನು ನೋಡಿದರು. ನಾನು ತಲೆಯಾಡಿಸಿ ಅನುವಾದ ಮಾಡಿದೆ. "ಅವರು ಇರಾನದವರು," ಎಂದರು. ಮತ್ತೆ ನನ್ನನ್ನು ನೋಡಿದರು. ಅದನ್ನೂ ಮಾಡಿದೆ. ಮೊಳಕಾಲ ಮೇಲೆ ತಟ್ಟಿ ಸರಿಮಾಡಿದ್ದ ಕಾಗದಗಳಲ್ಲಿ ಇನ್ನೂ ಎಂಟು ಹತ್ತು ಉಳಿದಿದ್ದವು. ಮಾವ ಅವನ್ನು ಮಡಚಿ ಕೋಟಿನ ಕಿಸೆಗೆ ಹಾಕಿದರು. "ಇಷ್ಟ ಐತ್ರಿ. ಶರಣು," ಎಂದು ಕೂತರು.

ಗಡಿಯಾರ ನೋಡಿದೆ. ಹದಿನೇಳು ನಿಮಿಷ.

ಡಾ. ಫರ್ಜಾನೆ ಎದ್ದರು. ಮಾತು ಕೊಟ್ಟಂತೆ ನಡೆದುಕೊಂಡರು. "ಮಾಸ್ತರರ ಅಭಿಪ್ರಾಯ ಬಹಳ ಕುತೂಹಲಕರವಾಗಿದೆ. ನಾನು ಬಹಳ ಕಲಿತೆ. ಧನ್ಯವಾದ." ಅಷ್ಟೇ. ನನ್ನತ್ತ ನೋಡಿ ಕೂತರು.

ಮೈಕು ನನ್ನ ಕೈಯಲ್ಲಿತ್ತು. ಮಾವ ನೆಲ ನೋಡುತ್ತಿದ್ದರು. ಎರಡು ವರ್ಷದಿಂದ ಮನೆಯಲ್ಲಿ ನಾನು 'ಹೌದ್ರಿ' ಎಂದಾಗಲೆಲ್ಲ ಅವರು ನೋಡುತ್ತಿದ್ದ ರೀತಿಯಲ್ಲೇ. ಅದನ್ನು ನಾನು ಸಮಾಧಾನ ಎಂದುಕೊಂಡಿದ್ದೆ.

"ಡಾಕ್ಟರ್ ಏನಂತಾರಂದ್ರ," ಎಂದೆ. ನನ್ನ ದನಿ ಸ್ಪೀಕರಿನಲ್ಲಿ ಬೇರೆ ಯಾರದೋ ಹಾಗೆ ಕೇಳಿತು. "ಅಜಂತಾದ ಆ ಗುಹೆ ಪುಲಕೇಶಿ ಹುಟ್ಟೂಕಿಂತ ನೂರ ವರ್ಷ ಮೊದಲಿಂದು. ಅಲ್ಲಿ ಕುಂತಾಂವ ಪುಲಕೇಶಿ ಅಲ್ಲ. ಎದುರಿಗಿ ನಿಂತವರು ರಾಯಭಾರಿಗಳಲ್ಲ, ಬಾದಶಹ ಅವರನ್ನ ಕಳಿಸಿಲ್ಲ. ಮಾಸ್ತರರು ನಲವತ್ತು ವರ್ಷದಿಂದ ಯಾರದೋ ಬೀಗರನ್ನ ತಮ್ಮ ಬೀಗರು ಅಂತ ಪಡಸಾಲ್ಯಾಗ ಕುಂದರಿಸ್ಯಾರ, ಅಂತಾರ್ರಿ."

ಪ್ರವೀಣಕುಮಾರ ಕಂಬ ಹಿಡಿದುಕೊಂಡ.

ಮಾವ ತಲೆ ಎತ್ತಿದರು.

"ಅವರು ಮೂರು ಮಾತಾಡಿದ್ರು," ಎಂದರು. "ನೀ ಮೂವತ್ತು ಆಡಿದಿ. ಅವರು ಅಂದ್ರೋ, ನೀ ಅಂದ್ಯೋ?"

"ನಾ ಅಂದ್ನಿರಿ ಮಾವಾರ."

"ಆಧಾರ?"

"ಗುಹೇದ ಕಾಲ ನೋಡ್ರಿ."

"ಚೂಪು ಟೋಪಿ ಯಾರ ಹಾಕ್ಕೊಂತಿದ್ರು? ನಮ್ಮ ಹುನಗುಂದದವರೇನ?" ಅವರು ಎದ್ದಿದ್ದರು.

"ವ್ಯಾಪಾರಕ್ಕ ಬಂದವರು ಹಾಕ್ಕೊಂತಿದ್ರು. ಅದ ಗುಹೇದ ಛತ್ತಿನ ಚಿತ್ರದಾಗೂ ಅಂಥಾ ಟೋಪಿಯವರು ಬಟ್ಟಲ ಹಿಡಕೊಂಡು ಕುಡಕೋತ ಕುಂತಾರ. ಅವರೂ ರಾಯಭಾರಿಗಳೇನ್ರಿ?"

"ರಾಯಭಾರಿಗಳು ಕುಡಿಯೂದಿಲ್ಲಂತ ಯಾರ ಹೇಳಿದ್ರು ನಿನಗ?"

ಸಭೆ ನಕ್ಕಿತು. ಮಾವ ನಗಲಿಲ್ಲ. ಕಿಸೆಯಿಂದ ಕಾಗದಗಳನ್ನು ತೆಗೆದು, ಬಿಚ್ಚಿ, ಮೂಗಿನ ಹತ್ತಿರ ಹಿಡಿದರು. "ಅರವತ್ತೆರಡನೇ ಪುಟದಾಗ ನೀ ಏನ ಬರದಿ? ಕುಡಿಯೂ ಚಿತ್ರಕ್ಕೂ ಈ ಚಿತ್ರಕ್ಕೂ ಸಂಬಂಧ ಇದ್ರೂ ಇರಬಹುದು ಅಂತ ಬರದಿ. ಇರಬಹುದು ಅಂದ್ರ ಏನ? ಐತಿ ಅನ್ನು, ಇಲ್ಲಾ ಇಲ್ಲ ಅನ್ನು. ಇತಿಹಾಸದಾಗ ಇರಬಹುದು ಅನ್ನಾಂವ, ಲಗ್ನದಾಗ ನೋಡೋಣ ಅನ್ನಾಂವ, ಇಬ್ಬರೂ ಒಂದ."

ನನ್ನ ಪ್ರಬಂಧದ ಅರವತ್ತೆರಡನೇ ಪುಟ. ಅವರ ಕಾಗದದ ಅಂಚಿಗೆಲ್ಲ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಶಬ್ದಗಳು, ಅವುಗಳ ಮುಂದೆ ಕನ್ನಡ ಅರ್ಥ.

"ಯಾವಾಗ ಓದಿದ್ರಿ?"

"ಮಾಂತ್ಯಾನ ಕಾಗದ ಹುಡಕೂ ಮುಂದ ಟ್ರಂಕಿನ್ಯಾಗ ಸಿಕ್ತು. ಎಂಟು ತಿಂಗಳ ಹಿಡೀತು. ಅಂವ ರವಿವಾರಕ್ಕೊಮ್ಮಿ ಆಡತಿದ್ದ ಮಾತೆಲ್ಲಾ ಅಲ್ಲೇ ಕುಂತಿದ್ದುವು."

"ಹೇಳಬೇಕಿತ್ತಲ್ರಿ."

"ನೀ ಹೇಳಬೇಕಿತ್ತಲವಾ. ನಾ ಹೇಳಿದ್ದಕ್ಕೆಲ್ಲಾ ಹೌದ್ರಿ ಹೌದ್ರಿ ಅಂದ್ರ, ನಾ ಯಾರ ಜೋಡಿ ಮಾತಾಡ್ಲಿ?"

ಮೈಕು ಇನ್ನೂ ಚಾಲೂ ಇತ್ತು. ಇದೆಲ್ಲ ಸ್ಪೀಕರಿನಲ್ಲಿ ಕೆರೆಯವರೆಗೆ ಕೇಳಿತಂತೆ. ಬಟ್ಟೆ ಒಗೆಯುತ್ತಿದ್ದವರು ಒಗೆಯುವುದು ನಿಲ್ಲಿಸಿದ್ದರಂತೆ.

ಡಾ. ಫರ್ಜಾನೆ ನನ್ನ ಸೆರಗು ಜಗ್ಗಿದರು. "ನನಗೂ ಹೇಳಿ. ನಾನೇನೋ ಅಂದೆನಂತಲ್ಲ?"

ಹೇಳಿದೆ. ಅವರು ಎದ್ದು ಪರದೆಯ ಹತ್ತಿರ ಹೋದರು. ಒಪ್ಪಂದ ಮುರಿದವಳು ನಾನೇ ಆದ್ದರಿಂದ ಅವರಿಗೂ ಬಂಧನವಿರಲಿಲ್ಲ. ಹದಿನಾರು ಪುಟವನ್ನೂ ಬಿಚ್ಚಿದರು. ಮಾವ ಒಂದೊಂದಕ್ಕೂ ನಿಲ್ಲಿಸಿ, ತಡೆದು, "ಅದು ಹೆಂಗ?" ಎಂದು ಕೇಳಿದರು. ನಾನು ಇಬ್ಬರ ಮಾತನ್ನೂ ಆಡಿ, ನಡುವೆ ನನ್ನದನ್ನೂ ಸೇರಿಸಿ, ಯಾರ ಮಾತು ಯಾರದೆಂದು ನನಗೇ ತಿಳಿಯದಾಯಿತು. ಒಂದು ಗಂಟೆ ಹತ್ತು ನಿಮಿಷ ಆಗಿರಬೇಕು. ಕೊನೆಗೆ ಅತ್ತೆ ಬಂದು ಪರದೆಯ ಮುಂದೆ ನಿಂತರು. ಪುಲಕೇಶಿಯೋ ಯಾರೋ, ಅವನ ಸಿಂಹಾಸನ ಅತ್ತೆಯ ಸೀರೆಯ ಮೇಲೆ ಬಿದ್ದಿತ್ತು.

"ರೊಟ್ಟಿ ತಣ್ಣಗಾದುವು," ಎಂದರು. "ಹಂಗಾರ ಪುಲಕೇಶೀನ ಊಟಕ್ಕ ಹಾಕ್ಲಿ."

ಮಾವ ಅವರನ್ನು ನೋಡಿದರು. ನಾನೂ ನೋಡಿದೆ. ಎರಡು ವರ್ಷದಿಂದ ಆ ಮಾತು ಕೇಳಿರಲಿಲ್ಲ. ಅತ್ತೆಗೂ ಅಂದಮೇಲೆಯೇ ಗೊತ್ತಾಯಿತು. ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಊಟದಲ್ಲಿ ಡಾ. ಫರ್ಜಾನೆ ಎರಡನೆಯ ರೊಟ್ಟಿಗೆ ಬೇಡವೆಂದರು. ಪ್ರವೀಣಕುಮಾರ ಈ ಸಲ ತಾಟು ತೆಗೆಯಲಿಲ್ಲ, ಮೂರು ಸಲ ಕೇಳಿದ, ಆಣೆಯನ್ನೂ ಹಾಕಿದ. ಆದರೆ ಅವರಿಗೆ ನಿಜವಾಗಿಯೂ ಹೊಟ್ಟೆ ತುಂಬಿತ್ತು.

ಅವರನ್ನು ರೈಲು ಹತ್ತಿಸಿ ನವನಗರಕ್ಕೆ ಹೊರಟೆವು. ಕಾರು ಖಾಸಿಂಸಾಬರದು. ಅವರು ಸಭೆಯ ಹೊತ್ತಿನಲ್ಲಿ ಹೊರಗೆ ಕಾರಿನಲ್ಲಿ ಮಲಗಿದ್ದರಂತೆ. "ಏನ್ ಆತ್ರಿ ಮಾಸ್ತರ್, ಭಾಳ ನಗಾಕತ್ತಿದ್ರು?" ಎಂದರು.

ಮಾವ ಮುಂದಿನ ಸೀಟಿನಲ್ಲಿದ್ದರು. ಕೋಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಕೇಳ್ರಿ ಖಾಸಿಂಸಾಬ," ಎಂದು ಶುರುಮಾಡಿದರು. ಆನೆ ಹೊರಟಿತು. ಶಿವಯೋಗ ಮಂದಿರದ ದಾರಿಯ ಬೋರ್ಡು ದಾಟುವಾಗ ಹಡಗು ಹತ್ತಿತು. ಆಮೇಲೆ ಚಿತ್ರದ ಹತ್ತಿರ ಬಂದರು.

"ಸಿಂಹಾಸನದ ಮ್ಯಾಲೆ ಕುಂತಾಂವ ನಮ್ಮ ಪುಲಕೇಶಿ."

ಮಾತು ನಿಲ್ಲಿಸಿದರು. ಹಿಂದಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಅವರ ಒಂದು ಕಿವಿ ಮಾತ್ರ ಕಾಣುತ್ತಿತ್ತು.

"ಸುಳ್ಳು," ಎಂದೆ.

"ಏನ ಸುಳ್ಳು? ಲೇ ಮಾಂತ್ಯಾ, ನಿನಗೇನ..."

ಕಾರಿನಲ್ಲಿ ಯಾರೂ ಅದನ್ನು ತಿದ್ದಲಿಲ್ಲ. ಅತ್ತೆ ಕಿಟಕಿಯ ಕಡೆ ತಿರುಗಿ, ಉಡಿಯಲ್ಲಿದ್ದ ಪೊಟ್ಟಣದಿಂದ ಒಂದು ಪಿಸ್ತಾ ಬಿಡಿಸಿ ನನ್ನ ಕೈಗೆ ಕೊಟ್ಟರು. ಮಾವ ಒಂದು ಸಲ ಕೆಮ್ಮಿದರು.

"ಕಂಬಕ್ಕರೆ ನಂಬರ ಬರದಿರತಾರ್ರಿ," ಎಂದೆ ನಾನು.

ಬಾದಾಮಿಯಿಂದ ನವನಗರಕ್ಕೆ ಒಂದು ಗಂಟೆಯ ದಾರಿ. ಸಾಲಲಿಲ್ಲ. ಮನೆಯ ಮುಂದೆ ಕಾರು ನಿಂತಮೇಲೂ ಖಾಸಿಂಸಾಬರು ಇಳಿಯಲು ಬಿಡಲಿಲ್ಲ. "ತಡೀರಿ," ಎಂದರು, "ಆ ಟೋಪಿಯವರು ಕುಡಕೋತ ಕುಂತಿದ್ದು ಯಾಕಂತ ಒಂದ ತಿಳೀವಲ್ದು."